ನಾನೂರ ಹದಿಮೂರನೆಯ ರೋಗಿ

ಪಿತ್ತಕೋಶ ತೆಗೆಯುವುದರಲ್ಲಿ ದೊಡ್ಡ ಡಾಕ್ಟರನ್ನು ಮೀರಿಸಿದವರಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಲ ಹೇಳುತ್ತಿದ್ದವರು ದೊಡ್ಡ ಡಾಕ್ಟರೇ. ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಅವರು ಬಂದು ಇಪ್ಪತ್ತಾರು ವರ್ಷ, ಮುಖ್ಯಸ್ಥರಾಗಿ ಹನ್ನೊಂದು ವರ್ಷ. ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಗಾಳಿ ತುಂಬಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಉಳಿದವುಗಳಲ್ಲಿ ಕೈಚಳಕ ತೋರಿಸಿ, ಕಲ್ಲು ತುಂಬಿದ ಪಿತ್ತಕೋಶವನ್ನು ಹೊಕ್ಕುಳಿನ ಬಳಿಯ ತೂತಿನಿಂದ ಹೊರಗೆಳೆಯಲು ಅವರಿಗೆ ಮೂವತ್ತೈದು ನಿಮಿಷ ಸಾಕು. ರೋಗಿ ಕಣ್ಣು ಬಿಟ್ಟು ಇನ್ನೂ ಶುರು ಮಾಡಲಿಲ್ಲವೇ ಎಂದು ಕೇಳುವ ಹೊತ್ತಿಗೆ ಅವರು ಕೈ ತೊಳೆದುಕೊಂಡು ಟೀ ಕುಡಿಯುತ್ತ ಕೂತಿರುತ್ತಿದ್ದರು.

ಮೂರು ವರ್ಷಗಳ ಹಿಂದೆ ಅವರು ಒಂದು ಸಮ್ಮೇಳನಕ್ಕೆ ಹೋಗಿದ್ದರು. ಅಲ್ಲಿ ಬೇರೆ ಆಸ್ಪತ್ರೆಯವರೊಬ್ಬರು, ತಮ್ಮಲ್ಲಿ ಈ ಆಪರೇಷನ್ ಆದ ಮೇಲೆ ನೂರಕ್ಕೆ ಐವರಿಗೆ ಮಾತ್ರ ತೊಡಕಾಗುತ್ತದೆ ಎಂದು ಪರದೆ ತುಂಬ ಗೆರೆ ಎಳೆದು ತೋರಿಸಿದರು. ಚಪ್ಪಾಳೆಯೂ ಬಿತ್ತು. ದೊಡ್ಡ ಡಾಕ್ಟರಿಗೆ ಆ ಚಪ್ಪಾಳೆ ಕಿವಿಯಿಂದ ಹೋಗಲೇ ಇಲ್ಲ. ಐದು ಅಂತೆ, ಐದು, ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದವರು, ಮಾರನೆಯ ಬೆಳಿಗ್ಗೆ ಟೋಪಿ ಕೂಡ ತೆಗೆಯದೆ ನೇರವಾಗಿ ರೆಕಾರ್ಡ್ ರೂಮಿಗೆ ಇಳಿದರು.

ರೆಕಾರ್ಡ್ ರೂಮು ಇದ್ದದ್ದು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಕೋಣೆಯ ಪಕ್ಕ. ಗೋಡೆಯ ಆಚೆ ಯಂತ್ರ ತಿರುಗಿದಾಗಲೆಲ್ಲ ಕಪಾಟಿನ ಫೈಲುಗಳು ಸಣ್ಣಗೆ ನಡುಗುತ್ತಿದ್ದವು. ಅಲ್ಲಿದ್ದ ಹೆಂಗಸು ಸಂಖ್ಯಾಶಾಸ್ತ್ರ ಓದಿದವರು. ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತು ಕೂತು ಅವರ ಹೆಸರು ಎಲ್ಲರಿಗೂ ಮರೆತುಹೋಗಿ ಫೈಲಮ್ಮ ಎಂದೇ ಆಗಿತ್ತು. ಅವರಿಗೂ ಅದರಿಂದ ಬೇಸರವಿರಲಿಲ್ಲ. ಫೈಲು ನೋಡದೆ ಅವರು ಹೌದು ಎಂದೂ ಹೇಳುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ. ಊಟ ಆಯಿತೇ ಎಂದು ಕೇಳಿದರೂ ಒಮ್ಮೆ ಕಪಾಟಿನ ಕಡೆ ನೋಡುತ್ತಾರೆ ಎಂದು ವಾರ್ಡಿನ ಸಿಸ್ಟರುಗಳು ನಗುತ್ತಿದ್ದರು.

ದೊಡ್ಡ ಡಾಕ್ಟರು ತಮ್ಮ ಯೋಜನೆ ಹೇಳಿದರು. ಇನ್ನು ಮೂರು ವರ್ಷ ಈ ವಿಭಾಗದಲ್ಲಿ ಪಿತ್ತಕೋಶ ತೆಗೆಸಿಕೊಂಡ ಪ್ರತಿಯೊಬ್ಬರಿಗೂ, ಆಪರೇಷನ್ ಆದ ಮೂವತ್ತನೆಯ ದಿನ ಫೈಲಮ್ಮ ಫೋನ್ ಮಾಡಬೇಕು. ತೊಡಕು ಏನಾದರೂ ಆಯಿತೇ ಎಂದು ಫಾರಂ ನೋಡಿಕೊಂಡು ಕೇಳಬೇಕು. ಬಂದ ಉತ್ತರ ಪ್ರಬಂಧವಾಗಿ ಅಚ್ಚಾಗಬೇಕು. ಆ ಐದರವನು ಅದನ್ನು ಓದಬೇಕು.

ತೊಡಕು ಎಂದರೆ ಯಾವುದು ಎಂದು ಫೈಲಮ್ಮ ಕೇಳಿದರು. ದೊಡ್ಡ ಡಾಕ್ಟರು ನಿಂತಲ್ಲೇ, ಕೈ ಬೆನ್ನಿಗೆ ಕಟ್ಟಿಕೊಂಡು, ಹೇಳಿ ಬರೆಸಿದರು. ಗಾಯ ಒಸರಿದರೆ, ಹೊಲಿಗೆ ಬಿಚ್ಚಬೇಕಾಗಿ ಬಂದಿದ್ದರೆ ಮಾತ್ರ ತೊಡಕು. ಜ್ವರ ಮೂರು ದಿನ ಬಿಡದೆ ಕಾಡಿದರೆ ತೊಡಕು. ಪಿತ್ತರಸ ಒಳಗೆ ಸೋರಿದರೆ, ರಕ್ತಸ್ರಾವವಾದರೆ, ಮತ್ತೆ ಆಸ್ಪತ್ರೆಗೆ ಸೇರಿದರೆ ತೊಡಕು. ಬಿಕ್ಕಳಿಕೆ, ಓಕರಿಕೆ, ಭೇದಿ, ನಿದ್ದೆ ಬಾರದಿರುವುದು, ಭುಜ ನೋವು ಇವು ಯಾವುವೂ ಅಲ್ಲ. ಕೊನೆಗೆ ಬಾಗಿಲ ತನಕ ಹೋದವರು ತಿರುಗಿ ಬಂದು ಇನ್ನೊಂದು ಸಾಲು ಸೇರಿಸಿದರು: ರೋಗಿಯ ಅಸಮಾಧಾನ ತೊಡಕಲ್ಲ.

ವಿಭಾಗದಲ್ಲಿ ಅವರ ಕೈಕೆಳಗೆ ಒಬ್ಬ ಶಸ್ತ್ರವೈದ್ಯೆ ಇದ್ದಳು. ದೊಡ್ಡ ಡಾಕ್ಟರ ಶಿಷ್ಯೆಯಾದ್ದರಿಂದ ಅವಳಿಗೆ ಸಣ್ಣ ಡಾಕ್ಟರು ಎಂದು ಹೆಸರು ಬಿದ್ದಿತ್ತು. ಆಳು ಮಾತ್ರ ಗುರುವಿಗಿಂತ ಒಂದು ಗೇಣು ಎತ್ತರ. ಥಿಯೇಟರಿನಲ್ಲಿ ಅವಳ ಎದುರು ನಿಲ್ಲುವಾಗ ದೊಡ್ಡ ಡಾಕ್ಟರು ಕಾಲಡಿಗೆ ಮಣೆ ಹಾಕಿಸಿಕೊಳ್ಳುತ್ತಿದ್ದರು. ಫಾರಂ ಓದಿದ ಅವಳು, ಆಪರೇಷನ್ ಆದ ಮೇಲೆ ಮಾಮೂಲಾಗಿ ಆಗಬೇಕಾದದ್ದಕ್ಕಿಂತ ಬೇರೆ ಏನಾದರೂ ಅದನ್ನು ಸಣ್ಣದೋ ದೊಡ್ಡದೋ ಎಂದು ದರ್ಜೆ ಹಾಕಿ ಬರೆದುಕೊಳ್ಳುವುದು ಈಗಿನ ಪದ್ಧತಿ ಎಂದು ಮೆಲ್ಲಗೆ ನೆನಪಿಸಿದಳು. ಅದೆಲ್ಲ ಕೆಲಸವಿಲ್ಲದವರು ಮಾಡುವುದು ಎಂದು ದೊಡ್ಡ ಡಾಕ್ಟರು ತಳ್ಳಿಹಾಕಿದರು.

ಹೀಗೆ ಮೂರು ವರ್ಷ ಫೈಲಮ್ಮ ಫೋನ್ ಮಾಡಿದರು. ಹನ್ನೊಂದು ಗಂಟೆಗೆ ಸರಿಯಾಗಿ ಮಾಡುತ್ತಿದ್ದರು, ಆ ಹೊತ್ತಿಗೆ ಪಕ್ಕದ ಯಂತ್ರ ನಿಲ್ಲುತ್ತಿತ್ತು. ಫಾರಂನ ಪ್ರಶ್ನೆಗಳು ನಾಲ್ಕು ನಿಮಿಷದಲ್ಲಿ ಮುಗಿಯುತ್ತಿದ್ದವು. ರೋಗಿಗಳ ಮಾತು ಮುಗಿಯುತ್ತಿರಲಿಲ್ಲ. ತಿಂಗಳಿಡೀ ಯಾರೂ ಕೇಳದಿದ್ದ ಪ್ರಶ್ನೆಯನ್ನು ಯಾರೋ ಒಬ್ಬರು ಫೋನ್ ಮಾಡಿ ಕೇಳಿದರೆ ಸುಮ್ಮನಿರುವ ಮನುಷ್ಯರು ಕಡಿಮೆ. ಅವರು ಹೇಳಿದ್ದಕ್ಕೆಲ್ಲ ಫಾರಂನಲ್ಲಿ ಜಾಗವಿರಲಿಲ್ಲ. ಕೇಳಿಸಿಕೊಂಡದ್ದನ್ನು ಹಾಗೇ ಬಿಟ್ಟುಬಿಡಲು ಫೈಲಮ್ಮನ ಮನಸ್ಸು ಒಪ್ಪಲಿಲ್ಲ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟರು.

ಮೂರನೆಯ ವರ್ಷದ ಕೊನೆಗೆ ಥಿಯೇಟರಿನ ಛಾವಣಿ ಸೋರತೊಡಗಿ, ರಿಪೇರಿಗೆಂದು ಐದು ವಾರ ಬಾಗಿಲು ಹಾಕಿದರು. ಅಷ್ಟರಲ್ಲಿ ನಾನೂರ ಹನ್ನೆರಡು ರೋಗಿಗಳಾಗಿದ್ದರು. ತೊಡಕಾದವರು ಏಳೇ ಜನ. ನೂರಕ್ಕೆ ಎರಡೂ ಇಲ್ಲ. ದೊಡ್ಡ ಡಾಕ್ಟರು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಓಡಾಡಿದರು, ಲಿಫ್ಟಿನಲ್ಲಿ ಸಿಕ್ಕಿದ ಕಣ್ಣಿನ ಡಾಕ್ಟರಿಗೂ ತೋರಿಸಿದರು.

ಇದೇ ಹೊತ್ತಿಗೆ ಅವರಿಗೆ ಹೊಟ್ಟೆ ನೋಯಲು ಶುರುವಾಗಿತ್ತು. ಊಟವಾದ ಒಂದು ಗಂಟೆಗೆ ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಳ್ಳುವುದು, ಬೆನ್ನಿಗೆ ಏರುವುದು, ಬೆವರು ಬಿಡಿಸುವುದು. ಕರಿದದ್ದು ತಿಂದ ದಿನ ಹೆಚ್ಚು. ಇದೇ ಲಕ್ಷಣ ಹೇಳಿಕೊಂಡು ಬಂದ ಸಾವಿರಾರು ಜನರನ್ನು ಅವರು ಅರ್ಧ ನಿಮಿಷದಲ್ಲಿ ಸ್ಕ್ಯಾನಿಗೆ ಕಳಿಸಿದ್ದರು. ತಮಗೆ ಬಂದಾಗ ಮಾತ್ರ ಅದನ್ನು ಗ್ಯಾಸ್ ಎಂದು ಕರೆದು ಮಾತ್ರೆ ಚೀಪಿದರು. ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಾತ್ರೆಯ ಪಟ್ಟಿ ಎಷ್ಟು ದಿನಕ್ಕೆ ಖಾಲಿಯಾಗುತ್ತಿದೆ ಎಂದು ಗಮನಿಸಿ, ಇದು ಗ್ಯಾಸಲ್ಲ, ತೋರಿಸಿಕೊಳ್ಳಿ ಎಂದರು. ಡಾಕ್ಟರು ನಾನೋ ನೀನೋ ಎಂದು ಗಂಡ ತಿರುಗಿ ಕೇಳಿದರು.

ಗುರುವಾರ ಬೆಳಿಗ್ಗೆ ವಿಭಾಗದ ಸಭೆ. ದೊಡ್ಡ ಡಾಕ್ಟರು ಏಳರ ಅಂಕಿಯನ್ನು ಪರದೆಯ ಮೇಲೆ ಅಂಗೈ ಅಗಲ ಬರೆಸಿದ್ದರು. ಇಂಥ ಫಲಿತಾಂಶ ಎಲ್ಲಿಯೂ ಇಲ್ಲ, ನಮ್ಮ ರೋಗಿಗಳಿಗೆ ನೋವು ಎಂಬುದೇ, ಎಂದವರು ಅಲ್ಲಿಗೇ ನಿಂತರು. ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಕೋಲಿನ ತುದಿ ಏಳರ ಮೇಲೆಯೇ ಇರುವಂತೆ ಮೆಲ್ಲಗೆ ಬಗ್ಗಿ, ಮುಂದಿನ ಸಾಲಿನ ಕುರ್ಚಿಯ ಮೇಲೆ, ಅಲ್ಲಿ ಕೂತಿದ್ದ ಅರಿವಳಿಕೆ ಡಾಕ್ಟರ ತೊಡೆಯ ಮೇಲೆಯೇ ಕುಳಿತುಬಿಟ್ಟರು.

ಸ್ಕ್ಯಾನಿನಲ್ಲಿ ಕಲ್ಲುಗಳು ಸಾಲಾಗಿ ಕಂಡವು. ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ಪರದೆ ನೋಡಿದ ದೊಡ್ಡ ಡಾಕ್ಟರು ಮೊದಲು ಅದು ನೆರಳು ಎಂದರು. ಆಮೇಲೆ ಯಂತ್ರ ಹಳೆಯದು ಎಂದರು. ಸ್ಕ್ಯಾನ್ ಮಾಡುವ ಡಾಕ್ಟರು ಬಲಕ್ಕೆ ಹೊರಳಲು ತಿಳಿಸಿದರು. ಕಲ್ಲುಗಳೂ ಹೊರಳಿದವು. ಅಲ್ಲಿಗೆ ವಾದ ಮುಗಿಯಿತು.

ಈಗ ಆಪರೇಷನ್ ಯಾರಿಂದ ಮಾಡಿಸಿಕೊಳ್ಳುವುದು ಎಂಬ ಪ್ರಶ್ನೆ ಎದ್ದಿತು. ತಮ್ಮ ಪಿತ್ತಕೋಶವನ್ನು ತಾವೇ ತೆಗೆಯುವಂತಿಲ್ಲ. ದೂರದಲ್ಲಿ ಒಬ್ಬ ಹಳೆಯ ಸಹಪಾಠಿ ಇದ್ದ, ಕೈ ಚೆನ್ನಾಗಿತ್ತು, ಬಾಯಿ ಚೆನ್ನಾಗಿರಲಿಲ್ಲ, ಸಮ್ಮೇಳನಗಳಲ್ಲಿ ಈ ಕಥೆಯನ್ನು ಹತ್ತು ವರ್ಷ ಹೇಳಿಕೊಂಡು ತಿರುಗುವವನು. ಉಳಿದವಳು ಸಣ್ಣ ಡಾಕ್ಟರು. ಮರುದಿನ ಮಧ್ಯಾಹ್ನ ಟೀ ಹೊತ್ತಿನಲ್ಲಿ ದೊಡ್ಡ ಡಾಕ್ಟರು ನೆಲಮಾಳಿಗೆಗೆ ಇಳಿದು, ರೆಕಾರ್ಡ್ ರೂಮಿನ ಬಾಗಿಲು ಮುಂದೆ ಮಾಡಿಕೊಂಡು, ಧ್ವನಿ ತಗ್ಗಿಸಿ ಕೇಳಿದರು.

"ನನ್ನ ಕೇಸು ಎಷ್ಟು, ಅವಳ ಕೇಸು ಎಷ್ಟು? ಯಾರದ್ದು ವಾಸಿ?"

ಫೈಲಮ್ಮ ಕಪಾಟಿನಿಂದ ಎರಡು ಕಟ್ಟು ತಂದು ಮೇಜಿನ ಮೇಲಿಟ್ಟರು. "ಫಾರಂ ಪ್ರಕಾರ ಹೇಳ್ಲಾ ಸರ್, ಇಲ್ಲ ಹಿಂದುಗಡೆದೂ ಸೇರಿಸಿ ಹೇಳ್ಲಾ?"

ಹಿಂದುಗಡೆ ಏನಿದೆ ಎಂದು ದೊಡ್ಡ ಡಾಕ್ಟರಿಗೆ ಗೊತ್ತಿರಲಿಲ್ಲ. ಎರಡೂ ಹೇಳಿ ಎಂದರು.

ಫಾರಂ ಪ್ರಕಾರ ಇಬ್ಬರದೂ ಸಮಸಮ. ಅವರು ಮಾಡಿದ ಇನ್ನೂರ ಮೂವತ್ತಾರರಲ್ಲಿ ನಾಲ್ವರಿಗೆ ತೊಡಕು, ಅವಳು ಮಾಡಿದ ನೂರ ಎಪ್ಪತ್ತಾರರಲ್ಲಿ ಮೂವರಿಗೆ. ಹಿಂಬದಿಯಲ್ಲಿ ಏನಾದರೂ ಹೇಳಿಕೊಂಡವರು ಅವರ ರೋಗಿಗಳಲ್ಲಿ ಎಪ್ಪತ್ತು ಜನ, ಅವಳ ರೋಗಿಗಳಲ್ಲಿ ಇಪ್ಪತ್ತನಾಲ್ಕು. ಎಂದರೆ ನೂರಕ್ಕೆ ಮೂವತ್ತು, ನೂರಕ್ಕೆ ಹದಿನಾಲ್ಕು.

ಅವಳ ಕೈ ಅಷ್ಟು ಹಗುರವೇ ಎಂದು ದೊಡ್ಡ ಡಾಕ್ಟರು ಕೇಳಿದರು. ಕೈಯ ವಿಷಯ ತಮಗೆ ಗೊತ್ತಿಲ್ಲ ಎಂದರು ಫೈಲಮ್ಮ. ಅವಳ ರೋಗಿಗಳಿಗೂ ಭುಜ ನೋಯುತ್ತದೆ, ಬಿಕ್ಕಳಿಕೆ ಬರುತ್ತದೆ. ಆದರೆ ಆಪರೇಷನ್ನಿನ ಹಿಂದಿನ ದಿನ ಅವಳು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಇದೆಲ್ಲ ಆಗಬಹುದು ಎಂದು ಹೇಳಿರುತ್ತಾಳೆ. ಹಾಗಾಗಿ ಅವರು ಹೆದರುವುದಿಲ್ಲ, ಫೋನಿನಲ್ಲಿ ಹೇಳುವಷ್ಟು ದೊಡ್ಡದು ಎಂದು ಅವರಿಗೆ ಅನ್ನಿಸುವುದೂ ಇಲ್ಲ.

ಸಣ್ಣ ಡಾಕ್ಟರೇ ಮಾಡಲಿ ಎಂದು ತೀರ್ಮಾನವಾಯಿತು. ರಿಪೇರಿ ಮುಗಿದ ಥಿಯೇಟರಿನಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಮೊದಲ ಕೇಸು ಅವರದೇ. ಲೆಕ್ಕದ ವರ್ಷ ಮುಗಿಯಲು ಎರಡು ವಾರ ಬಾಕಿಯಿದ್ದದ್ದರಿಂದ ಅವರೂ ಅಧ್ಯಯನಕ್ಕೆ ಸೇರಿದರು. ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಿದರು. ಅವರ ಸಂಖ್ಯೆ ನಾನೂರ ಹದಿಮೂರು.

ಹಿಂದಿನ ಸಂಜೆ ಸಣ್ಣ ಡಾಕ್ಟರು ಎಂದಿನಂತೆ ಸ್ಟೂಲು ತಂದು ಮಂಚದ ಪಕ್ಕ ಕುಳಿತಳು. ಕೂತರೂ ಅವಳೇ ಎತ್ತರ ಕಾಣುತ್ತಿದ್ದಳು. ಸರ್, ನಾಳೆ ಆದ ಮೇಲೆ, ಎಂದು ಶುರು ಮಾಡುವಷ್ಟರಲ್ಲಿ ದೊಡ್ಡ ಡಾಕ್ಟರು ಕೈ ಎತ್ತಿದರು.

"ನಿಂಗೆ ಇದನ್ನ ಕಲಿಸಿದ್ದು ಯಾರು?"

"ನೀವೇ ಸರ್."

"ಮತ್ತೆ?"

ಅವಳು ಸ್ಟೂಲು ಎತ್ತಿಕೊಂಡು ಹೋದಳು.

ಆಪರೇಷನ್ ಸಲೀಸಾಗಿ ಆಯಿತು. ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ದೊಡ್ಡ ಡಾಕ್ಟರು ಬಲ ಭುಜ ಹಿಡಿದುಕೊಂಡು ಎದ್ದು ಕೂತರು. ಒಳಗಿನಿಂದ ಯಾರೋ ಮೊಳೆ ಹೊಡೆದಂತೆ ನೋವು. ಹೊಟ್ಟೆಗೆ ತುಂಬಿದ ಗಾಳಿ ಪೂರ್ತಿ ಹೋಗುವ ತನಕ ಅದು ಭುಜಕ್ಕೆ ಒತ್ತುತ್ತದೆ ಎಂದು ಅವರೇ ಇಪ್ಪತ್ತಾರು ವರ್ಷ ಪಾಠ ಹೇಳಿದ್ದರು. ಪಾಠದಲ್ಲಿದ್ದ ನೋವು ಬೇರೆ, ಭುಜದಲ್ಲಿದ್ದದ್ದು ಬೇರೆ. ಇದು ಎದೆಯದೇ, ನಿಸ್ಸಂಶಯ, ಎಂದು ಇಸಿಜಿ ಮಾಡಿಸಿದರು. ಸರಿಯಿತ್ತು. ತಂತಿ ಸರಿಯಾಗಿ ಅಂಟಿರಲಿಲ್ಲ ಎಂದು ಇನ್ನೊಂದು ಮಾಡಿಸಿದರು. ಅದೂ ಸರಿಯಿತ್ತು. ಹೆಂಡತಿಯನ್ನು ಹತ್ತಿರ ಕರೆದು, ಕಪಾಟಿನ ಬೀಗದ ಕೈ ಎಲ್ಲಿದೆ ಎಂದು ಹೇಳಲು ಹೊರಟಾಗ ವಾರ್ಡಿನ ಸಿಸ್ಟರು ಬಂದು, ಎದ್ದು ನಾಲ್ಕು ಹೆಜ್ಜೆ ಓಡಾಡಿ ಸರ್, ಗಾಳಿ ಹೋಗುತ್ತೆ ಎಂದಳು. ಅವರು ಓಡಾಡಿದರು. ಗಾಳಿಯೂ ಹೋಯಿತು. ಪಕ್ಕದ ಕೋಣೆಯವರಿಗೂ ಕೇಳುವ ಹಾಗೆ ಹೋಯಿತು.

ಮನೆಗೆ ಬಂದ ಮೇಲೆ ಬಿಕ್ಕಳಿಕೆ ಶುರುವಾಯಿತು. ನಾಲ್ಕು ದಿನ ಹಿಡಿದದ್ದು ಬಿಡಲಿಲ್ಲ. ಪ್ರತಿ ಬಿಕ್ಕಳಿಕೆಗೂ ನಾಲ್ಕು ತೂತುಗಳೂ ಒಟ್ಟಿಗೆ ಎಳೆಯುತ್ತಿದ್ದವು. ಹೊಕ್ಕುಳಿನ ಬಳಿಯ ಗಾಯ ತೆಳ್ಳಗೆ ಒಸರತೊಡಗಿತು. ಸಣ್ಣ ಡಾಕ್ಟರು ಮನೆಗೇ ಬಂದು ನೋಡಿ, ಹೊಲಿಗೆ ಬಿಚ್ಚುವಂಥದ್ದೇನಿಲ್ಲ, ಬಟ್ಟೆ ಕಟ್ಟಿ ಬದಲಾಯಿಸುತ್ತಿದ್ದರೆ ಒಣಗುತ್ತದೆ ಎಂದಳು. ಹಾಲು ಹಾಕಿದ ಟೀ ಕುಡಿದ ಹತ್ತು ನಿಮಿಷಕ್ಕೆ ಬಚ್ಚಲಮನೆಗೆ ಓಡಬೇಕಾಗುತ್ತಿತ್ತು. ಮಗ್ಗುಲಾಗಿ ಮಲಗುವ ಅಭ್ಯಾಸದವರು ಅಂಗಾತ ಮಲಗಿ ಛಾವಣಿ ನೋಡಿದರು.

ಇದೆಲ್ಲವನ್ನೂ ಅವರು ಹೆಂಡತಿಗೆ ವರದಿ ಮಾಡುತ್ತಿದ್ದರು. ಇಪ್ಪತ್ತಾರು ವರ್ಷ ಊಟದ ಮೇಜಿನಲ್ಲಿ ಕೂತು ಗಂಡ ರೋಗಿಗಳ ಫೋನಿಗೆ ಏನು ಉತ್ತರ ಕೊಡುತ್ತಾರೆ ಎಂದು ಕೇಳಿಸಿಕೊಂಡಿದ್ದ ಆ ತಾಯಿಗೆ ಉತ್ತರ ಬಾಯಿಪಾಠವಾಗಿತ್ತು. ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಿದ್ದರು:

"ಅದೇನೂ ಇಲ್ಲ, ಹೋಗುತ್ತೆ."

ಐದನೆಯ ಸಲಕ್ಕೆ ದೊಡ್ಡ ಡಾಕ್ಟರು ರೇಗಿದರು. ಒಬ್ಬ ಮನುಷ್ಯ ನರಳುತ್ತಿದ್ದರೆ ಹೀಗಾ ಮಾತಾಡುವುದು ಎಂದು ಕೂಗಾಡಿದರು. ಹೆಂಡತಿ ಪುಸ್ತಕ ಮುಚ್ಚಿದರು.

"ಪಿತ್ತಕೋಶ ತೆಗೆದ್ಮೇಲಾದ್ರೂ ಪಿತ್ತ ನೆತ್ತಿಗೇರೋದು ನಿಲ್ಲುತ್ತೆ ಅಂದ್ಕೊಂಡಿದ್ದೆ ಕಣ್ರೀ."

ಮೂವತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮನೆಯ ಫೋನು ಬಡಿದುಕೊಂಡಿತು.

"ನಮಸ್ಕಾರ. ಆಸ್ಪತ್ರೆ ರೆಕಾರ್ಡ್ ರೂಮಿನಿಂದ ಮಾತಾಡ್ತಿದೀನಿ. ನಾನೂರ ಹದಿಮೂರನೇ ನಂಬರಿನವರು ತಾವೇನಾ?"

"ನಾನು ಯಾರು ಅಂತ ಗೊತ್ತಿಲ್ವೇನ್ರೀ?"

"ಗೊತ್ತು ಸರ್. ಆದ್ರೂ ಕೇಳ್ಬೇಕು. ಗಾಯ ಒಸರಿ ಹೊಲಿಗೆ ಬಿಚ್ಚಬೇಕಾಯ್ತಾ?"

"ಒಸರಿತು. ಒಂಬತ್ತು ದಿನ."

"ಹೊಲಿಗೆ ಬಿಚ್ಚಿದ್ರಾ ಸರ್?"

"ಬಿಚ್ಚಲಿಲ್ಲ."

"ಹಾಗಾದ್ರೆ ಇಲ್ಲ."

"ಇಲ್ಲ ಅಂದ್ರೇನು? ದಿನಕ್ಕೆ ಮೂರು ಬನಿಯನ್ ಬದಲಾಯ್ಸಿದೀನಿ."

"ಬನಿಯನ್ನಿಗೆ ಕಾಲಂ ಇಲ್ಲ ಸರ್. ಜ್ವರ ಮೂರು ದಿನ ಬಿಡದೇ ಬಂತಾ?"

"ಜ್ವರ ಬರಲಿಲ್ಲ. ಬಿಕ್ಕಳಿಕೆ ಬಂತು, ನಾಲ್ಕು ದಿನ."

"ಬಿಕ್ಕಳಿಕೆ ತೊಡಕಲ್ಲ. ಮತ್ತೆ ಆಸ್ಪತ್ರೆಗೆ ಸೇರಿದ್ರಾ?"

"ಇಲ್ಲ. ಆದ್ರೆ ಭುಜ ನೋವು ಬಂದು, ಎದೆನೇ ನಿಂತುಹೋಗುತ್ತೆ ಅಂತ"

"ಅದೂ ಅಲ್ಲ ಸರ್. ಅಷ್ಟೆ, ಮುಗೀತು. ತೊಡಕು ಏನೂ ಇಲ್ಲ ಅಂತ ಬರ್ಕೊಂಡಿದೀನಿ. ಸಹಕರಿಸಿದ್ದಕ್ಕೆ ಧನ್ಯವಾದ."

"ತಡೀರಿ, ಇಡ್ಬೇಡಿ. ಎಂಥ ಫಾರಂ ಇದು? ಯಾವನು ಬರೆದದ್ದು ಇದನ್ನ?"

ಆಚೆಯಿಂದ ಹಾಳೆ ತಿರುವುವ ಸದ್ದು ಬಂತು. ಫೈಲಮ್ಮ ಫೈಲು ನೋಡುತ್ತಿದ್ದರು.

"ನೀವೇ ಸರ್," ಎಂದರು. "ನಿಮ್ಮ ಸಹಿ ಇದೆ."

ಸೋಫಾದ ಮೇಲೆ ಕೂತಿದ್ದ ಹೆಂಡತಿ ನಗು ತಡೆಯಲು ಅಡುಗೆಮನೆಗೆ ಎದ್ದು ಹೋದರು. ದೊಡ್ಡ ಡಾಕ್ಟರು ಫೋನು ಹಿಡಿದುಕೊಂಡು ನಿಂತೇ ಇದ್ದರು. ತಾವು ಹೇಳಿದ್ದನ್ನು ಎಲ್ಲಾದರೂ ಬರೆದುಕೊಳ್ಳಲು ಬರುತ್ತದೆಯೇ ಎಂದು ಕೊನೆಗೆ ಕೇಳಿದರು. ಆ ಧ್ವನಿ ಫೈಲಮ್ಮನಿಗೆ ಹೊಸದು. ಹಿಂದುಗಡೆ ಬರೆಯುತ್ತೇನೆ, ಹೇಳಿ, ಎಂದರು. ದೊಡ್ಡ ಡಾಕ್ಟರು ಇಪ್ಪತ್ತು ನಿಮಿಷ ಹೇಳಿದರು. ಹಾಲು ಹಾಕಿದ ಟೀಯ ವಿಷಯ ಬಂದಾಗ ಧ್ವನಿ ತಗ್ಗಿಸಿದರು.

ರಜೆ ಇನ್ನೂ ಮೂರು ದಿನವಿತ್ತು. ಮರುದಿನವೇ ಅವರು ಸಡಿಲ ಪ್ಯಾಂಟು ಹಾಕಿಕೊಂಡು ರೆಕಾರ್ಡ್ ರೂಮಿಗೆ ಬಂದರು. ಹಿಂಬದಿಯಲ್ಲಿ ಬರೆದದ್ದನ್ನೆಲ್ಲ ಓದಬೇಕು ಎಂದರು. ಫೈಲಮ್ಮ ಕುರ್ಚಿಗೆ ಒಂದು ದಿಂಬು ಹಾಕಿಕೊಟ್ಟರು. ಆ ದಿನವೂ ಮರುದಿನವೂ ಅವರು ಅಲ್ಲೇ ಕೂತು ಓದಿದರು.

ಒಂದು ಹಾಳೆಯಲ್ಲಿ, ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗಿ ಹೇಳುವ ಹೆಂಗಸೊಬ್ಬಳಿದ್ದಳು. ರಜೆ ಮುಗಿದು ಕೆಲಸಕ್ಕೆ ಹೋದ ದಿನವೇ ಬಿಕ್ಕಳಿಕೆ ಹಿಡಿದು, ಧ್ವನಿವರ್ಧಕದಲ್ಲಿ ಹದಿಮೂರನೇ ನಂಬರು ಎನ್ನುವುದು ಎರಡು ತುಂಡಾಗಿ ಬರೀ ಮೂರನೇ ಎಂದು ಕೇಳಿಸಿ, ಅರ್ಧ ಪ್ರಯಾಣಿಕರು ಬೇರೆ ಬಸ್ಸು ಹತ್ತಿದ್ದರು. ದೊಡ್ಡ ಡಾಕ್ಟರಿಗೆ ನಗು ಉಕ್ಕಿ ಬಂತು. ಹೊಕ್ಕುಳಿನ ಗಾಯ ಎಳೆಯದಂತೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೂರ ಹದಿನೆಂಟನೆಯವರು ಒಬ್ಬ ಮುದುಕರು, ಬೀಗ ರಿಪೇರಿ ಮಾಡುವವರು. ಆಪರೇಷನ್ನಿನ ಮರುದಿನ ಭುಜ ನೋವು ಬಂದಾಗ ತಮ್ಮ ಕಾಲ ಮುಗಿಯಿತು ಎಂದುಕೊಂಡು, ಯಾರಿಗೂ ತೊಂದರೆ ಕೊಡಬಾರದೆಂದು ಸಿಸ್ಟರಿಗೂ ಹೇಳದೆ, ನೋಡಲು ಬಂದ ಅಳಿಯನಿಗೆ ತಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟಿದ್ದರು. ಸಂಜೆಗೆ ನೋವು ಹೋಯಿತು. ಕೊಟ್ಟದ್ದನ್ನು ವಾಪಸು ಕೇಳಲು ನಾಚಿಕೆ. ಈಗ ಗಂಟೆ ಎಷ್ಟಾಯಿತು ಎಂದು ದಾರಿಯಲ್ಲಿ ಹೋಗುವವರನ್ನು ಕೇಳುತ್ತಾರಂತೆ. ಅದರ ಕೆಳಗೆ ಫೈಲಮ್ಮ ಇನ್ನೊಂದು ಸಾಲು ಬರೆದಿದ್ದರು: ಮುಂದಿನ ವಾರ ತೋರಿಸಿಕೊಳ್ಳಲು ಬಂದಾಗ ಇದು ಯಾಕೆ ಹಾಗಾಯಿತು ಎಂದು ಡಾಕ್ಟರನ್ನು ಕೇಳಿದರಂತೆ. ಅದೇನೂ ಇಲ್ಲ, ಹೋಗುತ್ತೆ ಎಂದರಂತೆ.

ಈ ಸಲ ದೊಡ್ಡ ಡಾಕ್ಟರು ನಗಲಿಲ್ಲ. ಆ ಹಾಳೆಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಆ ಮುದುಕರ ಮುಖ ನೆನಪಿಗೆ ತಂದುಕೊಳ್ಳಲು ನೋಡಿದರು, ಬರಲಿಲ್ಲ. ಅವರ ಪಿತ್ತಕೋಶ ನೆನಪಿಗೆ ಬಂತು, ಗೋಡೆ ದಪ್ಪವಾಗಿತ್ತು, ಕಲ್ಲು ಒಂದೇ ಇತ್ತು.

ಸಂಜೆ ಸಣ್ಣ ಡಾಕ್ಟರನ್ನೂ ಕೆಳಗೆ ಕರೆಸಿದರು. ಹಿಂಬದಿಯ ತೊಂಬತ್ತನಾಲ್ಕನ್ನೂ ಸೇರಿಸೋಣ, ಅಂಕಿ ಏಳಲ್ಲ, ನೂರ ಎರಡು ಎಂದು ಬರೆಯೋಣ ಎಂದರು. ತಮ್ಮದೂ ಸೇರಿ ಎಂದು ಒತ್ತಿ ಹೇಳಿದರು. ಇಷ್ಟು ದೊಡ್ಡ ಮನಸ್ಸು ಮಾಡಿದ್ದಕ್ಕೆ ಇಬ್ಬರೂ ಮೆಚ್ಚುತ್ತಾರೆ ಎಂದು ಅವರು ಕಾದರು. ಫೈಲಮ್ಮ ಮೆಚ್ಚಲಿಲ್ಲ.

"ಅದೂ ತಪ್ಪೇ ಸರ್," ಎಂದರು. "ತಾವಾಗಿ ಹೇಳಿದವರದ್ದು ಮಾತ್ರ ಬರ್ಕೊಂಡಿದೀನಿ. ನಾನು ಎಲ್ರನ್ನೂ ಕೇಳಿಲ್ಲ. ಸುಮ್ಮನಿದ್ದವರಿಗೆ ಏನಾಗಿತ್ತೋ ಯಾರಿಗ್ಗೊತ್ತು?"

ದೊಡ್ಡ ಡಾಕ್ಟರ ಮುಖ ಹುಳ್ಳಗಾಯಿತು. ಹಾಗಾದರೆ ಏನು ಮಾಡಬೇಕು ಎಂದು ಕೇಳಿದರು. ಮೊದಲಿಂದ ಮಾಡಬೇಕು ಎಂದರು ಫೈಲಮ್ಮ. ಹೊಸ ಫಾರಂ, ಎಲ್ಲರಿಗೂ ಒಂದೇ ಪ್ರಶ್ನೆ, ಇವತ್ತಿನಿಂದ. ಮೂರು ವರ್ಷದ ಕೆಲಸ ನೀರಿಗೆ ಹೋಯಿತಲ್ಲ ಎಂದು ದೊಡ್ಡ ಡಾಕ್ಟರು ಸಂಕಟಪಟ್ಟರು. ನೀರಿಗೇನೂ ಹೋಗಿಲ್ಲ, ಏನು ಕೇಳಬೇಕು ಎಂಬುದಾದರೂ ತಿಳಿಯಿತಲ್ಲ ಎಂದಳು ಸಣ್ಣ ಡಾಕ್ಟರು.

ಹೊಸ ಫಾರಂ ಬರೆಯಲು ನಾಲ್ಕು ದಿನ ಹಿಡಿಯಿತು. ಈ ಸಲ ದೊಡ್ಡ ಡಾಕ್ಟರು ಕೂತು ಬರೆಸಿದರು. ಮೊದಲು ಬೇಡವೆಂದದ್ದೆಲ್ಲ ಈಗ ಬೇಕಾಯಿತು. ಬಿಕ್ಕಳಿಕೆ ಎಷ್ಟು ದಿನ, ದಿನದ ಯಾವ ಹೊತ್ತು, ಗಟ್ಟಿಯಾಗಿಯೋ ಮೆಲ್ಲಗೋ ಎಂದು ಬಿಕ್ಕಳಿಕೆಗೇ ಅರ್ಧ ಪುಟ ಕೊಡಿಸಿದರು. ಮನೆಯವರು ಸರಿಯಾಗಿ ನೋಡಿಕೊಂಡರೇ ಎಂಬ ಪ್ರಶ್ನೆಯೂ ಇರಲಿ ಎಂದರು. ಅದನ್ನು ಸಣ್ಣ ಡಾಕ್ಟರು ಹೊಡೆದುಹಾಕಿದಳು.

ಒಂದೂವರೆ ವರ್ಷದಲ್ಲಿ ಇನ್ನೂರು ರೋಗಿಗಳಾದರು. ಐವತ್ತೆಂಟು ಜನರಿಗೆ ಏನಾದರೊಂದು ಆಗಿತ್ತು. ಬಹುಪಾಲು ಸಣ್ಣದು, ಮೂವರಿಗೆ ಮಾತ್ರ ಗಂಭೀರ. ದೊಡ್ಡ ಡಾಕ್ಟರು ಒಂದೂ ಮುಚ್ಚಿಡದೆ ಬರೆದು ವೈದ್ಯಕೀಯ ಪತ್ರಿಕೆಗೆ ಕಳಿಸಿದರು. ಅಲ್ಲಿನ ಪರಿಶೀಲಕರು, ಯಾರೆಂದು ಹೆಸರಿಲ್ಲದವರು, ಬರೆದ ಅಭಿಪ್ರಾಯ ಎರಡು ತಿಂಗಳಿಗೆ ಬಂತು: ಅಧ್ಯಯನ ಶ್ರದ್ಧೆಯಿಂದ ಕೂಡಿದೆ, ಆದರೆ ತೊಡಕಿನ ಪ್ರಮಾಣ ಹೆಚ್ಚೆನಿಸುತ್ತದೆ, ಹಿರಿಯ ಶಸ್ತ್ರವೈದ್ಯರಿಗೆ ಇನ್ನಷ್ಟು ತರಬೇತಿ ಕೊಡಿಸುವುದು ಒಳ್ಳೆಯದು. ಅದನ್ನು ದೊಡ್ಡ ಡಾಕ್ಟರು ವಿಭಾಗದ ಸಭೆಯಲ್ಲಿ ತಾವೇ ಓದಿದರು. ಎಲ್ಲರೂ ನಕ್ಕು ಮುಗಿಯುವ ತನಕ ಕಾದು, ಎಲ್ಲರಿಗಿಂತ ಕೊನೆಗೆ ಅವರೂ ನಕ್ಕರು. ಉತ್ತರವಾಗಿ, ನಾವು ಕೇಳಿದ್ದರಿಂದ ಗೊತ್ತಾಯಿತು ಎಂದು ಒಂದೇ ಸಾಲು ಬರೆದರು. ಪ್ರಬಂಧ ಅಚ್ಚಾಯಿತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ದೊಡ್ಡ ಡಾಕ್ಟರಿಗೆ ಹಿಡಿದದ್ದನ್ನು ಬಿಡುವ ಸ್ವಭಾವವಿಲ್ಲ. ಈಗ ಅವರೂ ಸ್ಟೂಲು ಹಾಕಿಕೊಂಡು ರೋಗಿಯ ಪಕ್ಕ ಕೂರತೊಡಗಿದರು. ಒಂದು ಸಂಜೆ ಒಬ್ಬ ದರ್ಜಿ ಸೇರಿಕೊಂಡಿದ್ದ, ಸಣಕಲು ಮನುಷ್ಯ, ಮೊದಲೇ ಪುಕ್ಕಲು. ಅವನಿಗೆ ದೊಡ್ಡ ಡಾಕ್ಟರು ಭುಜ ನೋವಿನಿಂದ ಶುರು ಮಾಡಿ, ಬಿಕ್ಕಳಿಕೆ, ಒಸರುವುದು, ಟೀ, ಬಚ್ಚಲಮನೆ, ಪಿತ್ತರಸ ಸೋರುವುದು, ಸಾವಿರಕ್ಕೆ ಒಬ್ಬರಿಗೆ ಪಿತ್ತನಾಳಕ್ಕೆ ಪೆಟ್ಟಾಗುವುದು ಎಲ್ಲವನ್ನೂ ಮುಕ್ಕಾಲು ಗಂಟೆ ವಿವರಿಸಿದರು. ಅರ್ಥವಾಗಲೆಂದು ಚಿತ್ರವನ್ನೂ ಬರೆದು ತೋರಿಸಿದರು. ಸಂಶಯವಿದ್ದರೆ ಕೇಳಪ್ಪ ಎಂದರು. ಬಚ್ಚಲಮನೆ ಎಲ್ಲಿ ಎಂದು ದರ್ಜಿ ಕೇಳಿದ. ತೋರಿಸಿದರು. ಅವನು ಹೋದ. ಹದಿನೈದು ನಿಮಿಷವಾದರೂ ಬರಲಿಲ್ಲ.

ಆಸ್ಪತ್ರೆಯ ಗೇಟಿನಿಂದ ಇನ್ನೂರು ಹೆಜ್ಜೆ ಆಚೆ, ಬೆನ್ನಿಗೆ ದಾರ ಕಟ್ಟುವ ಆಸ್ಪತ್ರೆಯ ಅಂಗಿಯಲ್ಲೇ, ಚೀಲವನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಬಿರಬಿರನೆ ನಡೆಯುತ್ತಿದ್ದವನನ್ನು ಸಣ್ಣ ಡಾಕ್ಟರು ಹಿಡಿದಳು. ಅವಳ ಕಾಲು ಉದ್ದವಾದ್ದರಿಂದ ಓಡಬೇಕಾಗಲಿಲ್ಲ. ಪಕ್ಕದಲ್ಲಿ ನಡೆಯುತ್ತ, ಎಲ್ಲಿಗೆ ಹೊರಟಿರಿ ಅಣ್ಣ ಎಂದು ಕೇಳಿದಳು. ತನಗೆ ಕಲ್ಲು ಇದ್ದರೂ ಇರಲಿ, ಅಂಗಡಿಯಲ್ಲಿ ಅರ್ಧ ಹೊಲಿದ ಕೋಟು ಇದೆ ಎಂದ ಅವನು. ಅವಳು ಒಂದು ಬೆಂಚಿನ ಮೇಲೆ ಅವನನ್ನು ಕೂರಿಸಿ ನಿಧಾನವಾಗಿ ಮಾತಾಡಿಸಿದಳು. ಆಗಬಹುದಾದದ್ದು ಯಾವುದು, ಆಗುವುದೇ ಅಪರೂಪವಾದದ್ದು ಯಾವುದು, ಆದಾಗ ಯಾರನ್ನು ಕೂಗಬೇಕು, ಇಷ್ಟೇ. ಹತ್ತು ನಿಮಿಷಕ್ಕೆ ದರ್ಜಿ ಎದ್ದು ಅವಳ ಜೊತೆ ವಾಪಸು ಬಂದ. ಅಂಗಿಯ ಹೊಲಿಗೆ ಸರಿಯಿಲ್ಲ ಎಂದು ದಾರಿಯಲ್ಲಿ ಆಕ್ಷೇಪಣೆಯನ್ನೂ ಮಾಡಿದ. ಮರುದಿನ ಅವನ ಆಪರೇಷನ್ ಮಾಡಿದವರು ದೊಡ್ಡ ಡಾಕ್ಟರೇ. ಮೂವತ್ತೈದು ನಿಮಿಷ ಹಿಡಿಯಿತು. ಮೂರನೆಯ ದಿನ ಅವನು ನಡೆದುಕೊಂಡು ಮನೆಗೆ ಹೋದ.

ಆ ವಾರದಿಂದ ವಿಭಾಗದಲ್ಲಿ ಒಂದು ಹೊಸ ಕ್ರಮ ಬಂತು. ರೋಗಿಗೆ ತೊಡಕುಗಳ ಬಗ್ಗೆ ಹೇಳುವುದು ಸಣ್ಣ ಡಾಕ್ಟರ ಕೆಲಸ. ದೊಡ್ಡ ಡಾಕ್ಟರು ಆಮೇಲೆ ಬಂದು ಐದು ನಿಮಿಷ ಕೂರಬಹುದು, ಚಿತ್ರ ಬರೆಯುವಂತಿಲ್ಲ. ಪಕ್ಕದಲ್ಲಿ ವಾರ್ಡಿನ ಸಿಸ್ಟರು ಗಡಿಯಾರ ನೋಡುತ್ತ ನಿಂತಿರುತ್ತಾಳೆ. ನಾಲ್ಕನೆಯ ನಿಮಿಷಕ್ಕೆ ಅವಳು ಕೆಮ್ಮುತ್ತಾಳೆ, ಐದಕ್ಕೆ ಸ್ಟೂಲಿಗೆ ಕೈ ಹಾಕುತ್ತಾಳೆ. ದೊಡ್ಡ ಡಾಕ್ಟರು ಗೊಣಗುತ್ತ ಏಳುತ್ತಾರೆ, ಎದ್ದವರು ಬಾಗಿಲ ತನಕ ಹೋಗುತ್ತ ಹೋಗುತ್ತ, ನಿಮ್ಮ ಕೆಲಸ ಏನು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ರೋಗಿಯನ್ನು ವಿಚಾರಿಸುತ್ತಾರೆ. ಅದಕ್ಕೆ ಸಿಸ್ಟರು ಅಡ್ಡಿ ಮಾಡುವುದಿಲ್ಲ.